ಕಡಿಮೆ ಬೆಲೆಯ ಆಡಿಯೊ ಟ್ರಾನ್ಸ್‌ಫಾರ್ಮರ್‌ಗಳು: ಯಾವುದನ್ನು ಎಲ್ಲಿ ಬಳಸಬಹುದು

ಧ್ವನಿಮುದ್ರಣದ ಉಪಕರಣಗಳನ್ನು ಸ್ವತಃ ಕಟ್ಟಿಕೊಳ್ಳುವವರ ಖರ್ಚಿನ ಲೆಕ್ಕ ಏರುಪೇರಾಗುವುದು ಟ್ರಾನ್ಸ್‌ಫಾರ್ಮರ್ ಎಂಬ ಒಂದೇ ಸಾಲಿನಲ್ಲಿ. ಒಂದು ಸುರುಳಿಯಿಂದ ಇನ್ನೊಂದಕ್ಕೆ ಸಂಕೇತವನ್ನು ಕಾಂತೀಯವಾಗಿ ದಾಟಿಸಿ, ಬೇಕೆಂದರೆ ಅದರ ವೋಲ್ಟೇಜನ್ನು ಏರಿಸುವ ಇಲ್ಲವೇ ಇಳಿಸುವ ಭಾಗವಿದು. ರೆಸಿಸ್ಟರ್, ಕೆಪಾಸಿಟರ್, ಆಪ್‌ಆಂಪ್ (ಸಂಕೇತವನ್ನು ಹಿಗ್ಗಿಸುವ ಚಿಪ್), ಸ್ವಿಚ್ಚು, ಲೋಹದ ಡಬ್ಬಿ ಎಲ್ಲವೂ ಸೇರಿ ಆಗುವಷ್ಟು ಹಣವನ್ನು ಎರಡು ಒಳ್ಳೆಯ ಟ್ರಾನ್ಸ್‌ಫಾರ್ಮರ್‌ಗಳೇ ತೆಗೆದುಕೊಂಡುಬಿಡುತ್ತವೆ. ಹೀಗಾಗಿ ಹಲವರು ಟ್ರಾನ್ಸ್‌ಫಾರ್ಮರ್ ಬೇಡವೇ ಬೇಡ ಎಂದು ಕೈಬಿಡುತ್ತಾರೆ, ಇಲ್ಲವೇ ಕೈಗೆ ಸಿಕ್ಕ ಅಗ್ಗದ ತುಂಡೊಂದನ್ನು ಬೆಸೆದು, ಮಂದ್ರದ ಸ್ವರಗಳು ಒಡೆದು ಕೇಳಿಸಿದಾಗ ಅಗ್ಗದ್ದೆಲ್ಲ ಕೆಟ್ಟದ್ದೆಂಬ ತೀರ್ಮಾನಕ್ಕೆ ಬರುತ್ತಾರೆ. ಎರಡು ಚಾನೆಲ್‌ಗಳ ಮೈಕ್ ಪ್ರಿಆಂಪ್ (ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಸಾಧನ), ಲೈನ್ ಮಟ್ಟದ, ಅಂದರೆ ಯಂತ್ರದಿಂದ ಯಂತ್ರಕ್ಕೆ ಹೋಗುವ ದೊಡ್ಡ ಸಂಕೇತದ, ಐಸೊಲೇಟರ್ ಮತ್ತು ಒಂದು ಡಿಐ ಬಾಕ್ಸ್ (ವಾದ್ಯವನ್ನು ಮೈಕ್ ಇನ್‌ಪುಟ್‌ಗೆ ಜೋಡಿಸುವ ಡಬ್ಬಿ) ಕಟ್ಟುವಾಗ ನಾನು ನಾಲ್ಕೈದು ಬಗೆಯ ಕಡಿಮೆ ಬೆಲೆಯ ಟ್ರಾನ್ಸ್‌ಫಾರ್ಮರ್‌ಗಳನ್ನು ಕೊಂಡು, ಅಳೆದು, ತಿಂಗಳುಗಟ್ಟಲೆ ಬಳಸಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಒಳ್ಳೆಯವೇ. ಆದರೆ ಪ್ರತಿಯೊಂದೂ ಒಂದು ನಿರ್ದಿಷ್ಟ ಜಾಗದಲ್ಲಿ ಮಾತ್ರ ಒಳ್ಳೆಯದು. ಆ ಜಾಗ ಯಾವುದೆಂದು ಹೇಳುವುದೇ ಈ ವಿಮರ್ಶೆಯ ಉದ್ದೇಶ.

ಬೆಲೆಯ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು. ಟ್ರಾನ್ಸ್‌ಫಾರ್ಮರ್ ಒಳಗೆ ಇರುವುದು ತಾಮ್ರದ ತಂತಿ ಮತ್ತು ಕಾಂತೀಯ ಲೋಹದ ಕೋರ್, ಎರಡೇ. ಒಂದೇ ವೋಲ್ಟೇಜನ್ನು ಕೊಟ್ಟರೂ ಆವರ್ತನ ಕಡಿಮೆಯಾದಷ್ಟೂ ಕೋರ್ ಹೊರಬೇಕಾದ ಕಾಂತೀಯ ಹೊರೆ ಹೆಚ್ಚುತ್ತದೆ; 1000 ಹರ್ಟ್ಜ್‌ನಲ್ಲಿ ಹೊರುವುದಕ್ಕಿಂತ 50 ಪಟ್ಟು ಹೊರೆಯನ್ನು ಅದೇ ಕೋರ್ 20 ಹರ್ಟ್ಜ್‌ನಲ್ಲಿ ಹೊರಬೇಕಾಗುತ್ತದೆ. ಆದ್ದರಿಂದ ದೊಡ್ಡ ಕೋರ್, ಹೆಚ್ಚು ಸುತ್ತು, ಒಳ್ಳೆಯ ಮಿಶ್ರಲೋಹ ಇವೆಲ್ಲವಕ್ಕೂ ನಾವು ಕೊಡುವ ಹಣ ಬಹುಪಾಲು ಕೆಳಗಿನ ಎರಡು ಆಕ್ಟೇವ್‌ಗಳಿಗಾಗಿಯೇ ಹೋಗುತ್ತದೆ. ಡೇಟಾಶೀಟಿನಲ್ಲಿ, ಅಂದರೆ ತಯಾರಕರು ಕೊಡುವ ಅಂಕಿಗಳ ಹಾಳೆಯಲ್ಲಿ, ಗರಿಷ್ಠ ಮಟ್ಟವನ್ನು ಓದುವಾಗ ಪಕ್ಕದಲ್ಲಿ ಯಾವ ಆವರ್ತನವನ್ನು ಬರೆದಿದ್ದಾರೆ ಎಂದು ನೋಡದೆ ಮುಂದೆ ಹೋಗಬಾರದು. 50 ಹರ್ಟ್ಜ್‌ನಲ್ಲಿ ಕೊಟ್ಟ ಅಂಕಿಯನ್ನು 20 ಹರ್ಟ್ಜ್‌ಗೆ ಇಳಿಸಿದರೆ 8 ಡೆಸಿಬೆಲ್ ಕಳೆಯಬೇಕು. 1000 ಹರ್ಟ್ಜ್‌ನಲ್ಲಿ ಕೊಟ್ಟಿದ್ದರೆ ಆ ಅಂಕಿ ನಮ್ಮ ಕೆಲಸಕ್ಕೆ ಏನನ್ನೂ ಹೇಳುವುದಿಲ್ಲ.

ಕೋರ್‌ನ ಲೋಹದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ, ಇದನ್ನು ತಿಳಿಯದೆ ನಾನೂ ಮೊದಲು ತಪ್ಪು ಆಯ್ಕೆ ಮಾಡಿದ್ದೆ. ಸಿಲಿಕಾನ್ ಉಕ್ಕಿನ ಕೋರ್ ಸುಮಾರು 2 ಟೆಸ್ಲಾದವರೆಗೆ (ಟೆಸ್ಲಾ ಎಂಬುದು ಕಾಂತೀಯ ಹೊರೆಯ ಅಳತೆ) ತಾಳಿಕೊಳ್ಳುತ್ತದೆ, ಆದರೆ ಸಂಕೇತ ತೀರಾ ಸಣ್ಣದಿರುವಾಗ ಅದರ ಕಾಂತೀಯ ಪ್ರವೇಶ್ಯತೆ (ಕಾಂತತೆಯನ್ನು ತನ್ನೊಳಗೆ ಬಿಟ್ಟುಕೊಳ್ಳುವ ಗುಣ) ಕುಸಿದು, ಸುರುಳಿಯ ಇಂಡಕ್ಟೆನ್ಸ್ (ಬದಲಾಗುವ ಕರೆಂಟನ್ನು ತಡೆಯುವ ಗುಣ) ಕಡಿಮೆಯಾಗಿ, ಮಂದ್ರದ ಸ್ವರಗಳು ತೆಳ್ಳಗಾಗುತ್ತವೆ. ಶೇಕಡಾ 80ರಷ್ಟು ನಿಕಲ್ ಇರುವ ಕೋರ್ ಇದಕ್ಕೆ ತದ್ವಿರುದ್ಧ: ಅದು 0.8 ಟೆಸ್ಲಾದ ಆಸುಪಾಸಿನಲ್ಲೇ ತುಂಬಿಹೋಗುತ್ತದೆ, ಅಂದರೆ ಅದಕ್ಕಿಂತ ಹೆಚ್ಚಿನ ಹೊರೆ ಹೊರಲಾರದು, ಆದರೆ ಮಿಲಿವೋಲ್ಟ್‌ಗಿಂತ ಕಡಿಮೆಯ ಸಂಕೇತಕ್ಕೂ ಅದರ ಪ್ರವೇಶ್ಯತೆ ಹತ್ತಾರು ಸಾವಿರದಷ್ಟಿರುತ್ತದೆ. ಈ ಕುಟುಂಬಕ್ಕೆ ಸೇರಿದ ಮ್ಯೂಮೆಟಲ್ 1923ರಲ್ಲಿ ಹುಟ್ಟಿದ್ದು ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್‌ಗಳಿಗಾಗಿ. ಸಾವಿರಾರು ಮೈಲಿ ಸಾಗಿ ಸೋತ ಸಂಕೇತವನ್ನು ಉಳಿಸಿಕೊಳ್ಳಲು ಮಾಡಿದ ಲೋಹವೇ ಇಂದು ಮೈಕಿನ ಸಣ್ಣ ಸಂಕೇತವನ್ನೂ ಕಾಯುತ್ತಿದೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ನೇರ ಮಾತಿನಲ್ಲಿ ಹೇಳುವುದಾದರೆ, ಉಕ್ಕು ಲೈನ್ ಮಟ್ಟಕ್ಕೆ, ನಿಕಲ್ ಮೈಕ್ ಮಟ್ಟಕ್ಕೆ. ಉಕ್ಕಿನದು ಅಗ್ಗ, ನಿಕಲ್‌ನದು ದುಬಾರಿ. ಹಣ ಉಳಿಸಬೇಕಾದರೆ ಲೈನ್ ಮಟ್ಟದಲ್ಲಿ ಉಳಿಸಬೇಕು.

ಆದರೂ ಮೈಕ್ ಇನ್‌ಪುಟ್‌ನಲ್ಲೂ ದಾರಿಯಿಲ್ಲದೆ ಇಲ್ಲ. ಜೆನ್ಸನ್ ಜೆಟಿ-115ಕೆ-ಇ, ಲುಂಡಾಲ್ ಎಲ್‌ಎಲ್1538, ಸಿನೆಮ್ಯಾಗ್‌ನ ಮೈಕ್ ಇನ್‌ಪುಟ್ ಸರಣಿ ಇವು ಈ ಕೆಲಸದ ಪ್ರಮಾಣವೆಂದೇ ಹೆಸರಾದವು, ಬೆಲೆಯೂ ಅದಕ್ಕೆ ತಕ್ಕಂತೆಯೇ ಇರುತ್ತದೆ. ಅವುಗಳ ಕೆಳಗಿನ ಮೆಟ್ಟಿಲಿನಲ್ಲಿ ನಾನು ಆರಿಸಿಕೊಂಡದ್ದು ಬ್ರಿಟನ್ನಿನ ಓಇಪಿ ಕಂಪನಿಯ ಎ262ಎ3ಇ. ಇದರಲ್ಲಿ ಎರಡು ಪ್ರೈಮರಿ (ಸಂಕೇತ ಒಳಬರುವ), ಎರಡು ಸೆಕೆಂಡರಿ (ಹೊರಹೋಗುವ) ಸುರುಳಿಗಳಿದ್ದು, ಸುತ್ತುಗಳ ಅನುಪಾತ 1+1:6.45+6.45. ಎರಡೂ ಕಡೆಯ ಸುರುಳಿಗಳನ್ನು ಸರಣಿಯಲ್ಲಿ ಜೋಡಿಸಿದರೆ 1:6.45 ಸಿಗುತ್ತದೆ, ಪ್ರೈಮರಿಗಳನ್ನು ಸಮಾಂತರವಾಗಿಸಿ ಸೆಕೆಂಡರಿಗಳನ್ನು ಸರಣಿಯಲ್ಲಿಟ್ಟರೆ 1:12.9 ಸಿಗುತ್ತದೆ. ಮೊದಲನೆಯದರಲ್ಲಿ ವಿದ್ಯುತ್ತನ್ನೇ ಖರ್ಚುಮಾಡದೆ 16 ಡೆಸಿಬೆಲ್ ವೋಲ್ಟೇಜ್ ಹೆಚ್ಚಳ, ಎರಡನೆಯದರಲ್ಲಿ 22 ಡೆಸಿಬೆಲ್. ಇದನ್ನು ನೋಡಿದ ಯಾರಿಗಾದರೂ ದೊಡ್ಡ ಅಂಕಿಯತ್ತಲೇ ಕೈ ಹೋಗುತ್ತದೆ. ನಾನೂ ಮೊದಲು 1:12.9ರಲ್ಲಿಯೇ ಬೆಸೆದೆ, ಫಲಿತಾಂಶ ಹಿಡಿಸಲಿಲ್ಲ.

ಏಕೆಂದರೆ ಇಂಪೀಡೆನ್ಸ್, ಅಂದರೆ ಸಂಕೇತಕ್ಕೆ ಎದುರಾಗುವ ಒಟ್ಟು ತಡೆ, ಬದಲಾಗುವುದು ಸುತ್ತುಗಳ ಅನುಪಾತದ ವರ್ಗದಂತೆ. 1:6.45ರ ವರ್ಗ ಸುಮಾರು 42, 1:12.9ರ ವರ್ಗ ಸುಮಾರು 166. ಮೈಕಿಗೆ ಕನಿಷ್ಠ 1500 ಓಮ್ ಲೋಡ್ (ಸಂಕೇತ ಪಡೆಯುವ ಕಡೆಯ ತಡೆ) ಕಾಣಿಸಬೇಕೆಂದರೆ ಮೊದಲ ಜೋಡಣೆಯಲ್ಲಿ ಸೆಕೆಂಡರಿಯ ಮೇಲೆ 62 ಕಿಲೋಓಮ್ ಇದ್ದರೆ ಸಾಕು, ಎರಡನೆಯದರಲ್ಲಿ 250 ಕಿಲೋಓಮ್ ಬೇಕು. ಅಷ್ಟು ಹೆಚ್ಚಿನ ಇಂಪೀಡೆನ್ಸ್ ಇರುವ ಕಡೆ ಸುರುಳಿಯ ಒಳಗಿನ ಕೆಪಾಸಿಟೆನ್ಸ್, ಶೀಲ್ಡ್ ಹಾಕಿದ ತಂತಿಯ ಒಂದೆರಡು ಇಂಚು ಕೂಡ ತಾರಸ್ವರಗಳ ಮೇಲೆ ಪರಿಣಾಮ ಬೀರಲು ತೊಡಗುತ್ತವೆ. ಬೋರ್ಡಿನಲ್ಲಿ ಮೊದಲಿನಿಂದಿದ್ದ 10 ಕಿಲೋಓಮ್ ರೆಸಿಸ್ಟರನ್ನು ಹಾಗೆಯೇ ಬಿಟ್ಟು 1:12.9 ಜೋಡಿಸಿದರೆ ಮೈಕಿಗೆ ಕಾಣುವುದು ಬರಿಯ 60 ಓಮ್. ಇದರಿಂದ ಮೈಕ್ ಉಸಿರುಗಟ್ಟಿದಂತೆ ಕೇಳಿಸುತ್ತದೆ. ಟ್ರಾನ್ಸ್‌ಫಾರ್ಮರ್ ಮಂಕಾಗಿ ಕೇಳುತ್ತದೆ ಎಂಬ ದೂರುಗಳಲ್ಲಿ ಎಷ್ಟೋ ಸಲ ತಪ್ಪು ಟ್ರಾನ್ಸ್‌ಫಾರ್ಮರಿನದಲ್ಲ, ಅದರ ಮುಂದೆ ಕುಳಿತ ರೆಸಿಸ್ಟರಿನದು.

1:6.45ರ ನಿಜವಾದ ಮೇಲ್ಮೆ ಕಾಣುವುದು ಸದ್ದಿನ, ಅಂದರೆ ಸಂಕೇತಕ್ಕೆ ಸೇರಿಕೊಳ್ಳುವ ಬೇಡದ ನಾಯ್ಸ್‌ನ, ಲೆಕ್ಕದಲ್ಲಿ. 150 ಓಮ್‌ನ ಮೈಕ್ ಈ ಟ್ರಾನ್ಸ್‌ಫಾರ್ಮರಿನ ಆಚೆಯಿಂದ ಸುಮಾರು 6.2 ಕಿಲೋಓಮ್‌ನ ಸಂಕೇತದ ಮೂಲದಂತೆ ಕಾಣುತ್ತದೆ. ಎನ್‌ಇ5534 ಎಂಬ, ಎಲ್ಲೆಡೆ ಸುಲಭವಾಗಿ ಸಿಗುವ ಆಪ್‌ಆಂಪ್ ಅತಿ ಕಡಿಮೆ ಸದ್ದು ಸೇರಿಸುವುದು 6ರಿಂದ 9 ಕಿಲೋಓಮ್ ಮೂಲವಿದ್ದಾಗ. ಅಂದರೆ ಇವೆರಡೂ ಒಂದಕ್ಕೊಂದು ಹೇಳಿ ಮಾಡಿಸಿದಂತಿವೆ. ಅದೇ ಆಪ್‌ಆಂಪಿಗೆ 150 ಓಮ್ ಮೈಕನ್ನು ಟ್ರಾನ್ಸ್‌ಫಾರ್ಮರ್ ಇಲ್ಲದೆ ನೇರವಾಗಿ ಕೊಟ್ಟರೆ, ಮೈಕಿನ ಪ್ರತಿರೋಧದಿಂದಲೇ ಹುಟ್ಟುವ ಅನಿವಾರ್ಯ ಸದ್ದಿನ ಮೇಲೆ ಅದು ಇನ್ನೂ 8ರಿಂದ 9 ಡೆಸಿಬೆಲ್ ಸೇರಿಸುತ್ತದೆ. ಟ್ರಾನ್ಸ್‌ಫಾರ್ಮರ್ ಇದ್ದಾಗ ಆಪ್‌ಆಂಪ್ ಸೇರಿಸುವುದು ಸುಮಾರು 1 ಡೆಸಿಬೆಲ್ ಮಾತ್ರ. ತಾಮ್ರದ ತಂತಿಯ ಪ್ರತಿರೋಧದ ಪಾಲನ್ನು ಕೂಡಿಸಿದರೂ ಒಟ್ಟು 2ರಿಂದ 3 ಡೆಸಿಬೆಲ್ ಒಳಗೇ ನಿಲ್ಲುತ್ತದೆ. ಮೆಲುದನಿಯ ಕಥನವನ್ನು ಡೈನಮಿಕ್ ಮೈಕಿನಲ್ಲಿ ಮುದ್ರಿಸುವಾಗ ಹಿನ್ನೆಲೆಯ ಸುಯ್ಯೆನ್ನುವ ಸದ್ದು ಇಳಿದದ್ದನ್ನು ಕಿವಿಯೇ ಹೇಳಿತು, ಅಳತೆ ಬೇಕಾಗಲಿಲ್ಲ. 1:12.9 ಜೋಡಣೆಯೇ ಬೇಕೆನ್ನುವವರು ಎನ್‌ಇ5534 ಬಿಟ್ಟು ಜೆಎಫ್‌ಇಟಿ (ಬಹಳ ಕಡಿಮೆ ಕರೆಂಟ್ ಎಳೆಯುವ ಒಂದು ಬಗೆಯ ಟ್ರಾನ್ಸಿಸ್ಟರ್) ಇನ್‌ಪುಟ್ ಇರುವ ಆಪ್‌ಆಂಪ್ ಹಾಕಿಕೊಳ್ಳಬೇಕು, ಏಕೆಂದರೆ 25 ಕಿಲೋಓಮ್ ಮೂಲದಲ್ಲಿ ಎನ್‌ಇ5534ರ ಕರೆಂಟ್ ಸದ್ದೇ ಮೇಲುಗೈ ಸಾಧಿಸುತ್ತದೆ.

ಎ262ಎ3ಇಯ ಕೊರತೆ ಎಂದರೆ ಹಮ್. ನಾನು ಕೊಂಡದ್ದು ತೆರೆದ ರೂಪದ್ದು; ಡಬ್ಬಿಯೊಳಗೆ ಪವರ್ ಟ್ರಾನ್ಸ್‌ಫಾರ್ಮರಿನಿಂದ ಒಂದು ಗೇಣು ದೂರದಲ್ಲಿಟ್ಟಾಗ ಗುಂಯ್‌ಗುಡುವ ಸದ್ದು ಬಂತು. ಇದಕ್ಕೆ ಮ್ಯೂಮೆಟಲ್ ಡಬ್ಬಿಯನ್ನು ಬೇರೆಯಾಗಿಯೇ ಕೊಂಡೆ, ಆದರೆ ಅದಕ್ಕೂ ಮೊದಲು ಮಾಡಬೇಕಾದ ಖರ್ಚಿಲ್ಲದ ಕೆಲಸವೊಂದಿದೆ. ಟ್ರಾನ್ಸ್‌ಫಾರ್ಮರನ್ನು ಬೋರ್ಡಿಗೆ ಬೆಸೆಯದೆ ಗೇಣುದ್ದದ ತೆಳು ತಂತಿಗಳಲ್ಲಿ ತೂಗಬಿಟ್ಟು, ಪ್ರೈಮರಿಯ ಎರಡು ತುದಿಗಳಿಗೆ 150 ಓಮ್ ರೆಸಿಸ್ಟರ್ ಸಿಕ್ಕಿಸಿ, ಪ್ರಿಆಂಪಿನ ಗೇನ್ ಪೂರ್ತಿ ಏರಿಸಿ, ಹೆಡ್‌ಫೋನ್ ಹಾಕಿಕೊಂಡು, ಬೆರಳ ತುದಿಯಲ್ಲಿ ಅದನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಬೇಕು. ಒಂದು ಕೋನದಲ್ಲಿ ಹಮ್ ಏರುತ್ತದೆ, ಮುಂದೆ ಹೋದಂತೆ ಇಳಿಯುತ್ತದೆ, ಒಂದು ಕಿರಿದಾದ ಜಾಗದಲ್ಲಿ ಹೆಚ್ಚುಕಡಿಮೆ ಮಾಯವಾಗುತ್ತದೆ. ಅಲ್ಲಿಂದ ಕೂದಲೆಳೆಯಷ್ಟು ಸರಿದರೂ ಮತ್ತೆ ಕೇಳಿಸುತ್ತದೆ. ಆ ಕೋನವನ್ನು ಪೆನ್ಸಿಲಿನಿಂದ ಗುರುತಿಸಿಕೊಂಡು ಅದೇ ದಿಕ್ಕಿನಲ್ಲಿ ಕೂರಿಸಿದೆ. ಬೋರ್ಡಿನ ಅಂಚಿಗೆ ಓರೆಯಾಗಿ ಕುಳಿತ ಅದನ್ನು ನೋಡಿದರೆ ಕೆಲಸ ಒರಟಾಗಿದೆ ಎನಿಸಬಹುದು, ಆದರೆ ಮೌನ ಇರುವುದು ಅಲ್ಲಿಯೇ. ಮ್ಯೂಮೆಟಲ್ ಡಬ್ಬಿ ಹಾಕಿದ ಮೇಲೆ ಉಳಿದದ್ದೂ ಹೋಯಿತು. ಈ ಡಬ್ಬಿಯನ್ನು ಕೈಜಾರಿ ನೆಲಕ್ಕೆ ಬೀಳಿಸಬಾರದು, ಬಗ್ಗಿಸಬಾರದು, ಕೊರೆಯಲೂಬಾರದು. ಪೆಟ್ಟು ಬಿದ್ದ ಮ್ಯೂಮೆಟಲ್ ತನ್ನ ಗುಣವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ.

ನ್ಯೂಟ್ರಿಕ್‌ನ ಎನ್‌ಟಿಇ10/3 ಕೂಡ ಇದೇ ವರ್ಗದ್ದು. 1:3 ಮತ್ತು 1:10 ಎಂಬ ಎರಡು ಅನುಪಾತಗಳು ಒಂದೇ ಪುಟ್ಟ ತುಂಡಿನಲ್ಲಿ ಸಿಗುತ್ತವೆ. ಕೋರ್ ಚಿಕ್ಕದಾದುದರಿಂದ ಇದನ್ನು ಡೈನಮಿಕ್ ಮೈಕಿನಲ್ಲಿ ಮಾತು, ಹಾಡು ಮುದ್ರಿಸುವವರಿಗೆ ಸೂಚಿಸುತ್ತೇನೆ. ಕಿಕ್ ಡ್ರಮ್ಮಿನ ಮುಂದೆ ಕಂಡೆನ್ಸರ್ ಮೈಕ್ ಇಡುವವರಿಗೆ ಬೇಡ. ಶೂರ್ ಎಸ್‌ಎಂ57 ಒಂದು ಪಾಸ್ಕಲ್ ಒತ್ತಡಕ್ಕೆ ಕೊಡುವುದು ಸುಮಾರು 1.6 ಮಿಲಿವೋಲ್ಟ್ ಮಾತ್ರ, ಅದೂ ತನ್ನೊಳಗಿನ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ದಾಟಿದ ಮೇಲೆ. ಡ್ರಮ್ಮಿನ ಹತ್ತಿರದ ಕಂಡೆನ್ಸರ್ ಮೈಕ್ ಲೈನ್ ಮಟ್ಟಕ್ಕೆ ಹತ್ತಿರದ ಸಂಕೇತವನ್ನೇ ಕೊಟ್ಟುಬಿಡಬಲ್ಲದು. ಅಂಥ ಕಡೆ ಟ್ರಾನ್ಸ್‌ಫಾರ್ಮರಿಗೆ ಮುಂಚೆ 20 ಡೆಸಿಬೆಲ್ ಪ್ಯಾಡ್ (ಸಂಕೇತವನ್ನು ತಗ್ಗಿಸುವ ರೆಸಿಸ್ಟರ್‌ಗಳ ಜೋಡಣೆ) ಇರಲೇಬೇಕು.

ಇನ್ನು ಲೈನ್ ಮಟ್ಟ. ಇಲ್ಲಿ ಅಗ್ಗದ ಟ್ರಾನ್ಸ್‌ಫಾರ್ಮರ್‌ಗಳ ಬಗ್ಗೆ ನನಗೆ ನಿಜಕ್ಕೂ ಉತ್ಸಾಹವಿದೆ. ಅಮೆರಿಕದ ನ್ಯೂ ಮೆಕ್ಸಿಕೊದ ಎಡ್‌ಕಾರ್ ಕಂಪನಿಯ ಎಕ್ಸ್‌ಎಸ್‌ಎಂ ಮತ್ತು ಡಬ್ಲ್ಯುಎಸ್‌ಎಂ ಸರಣಿಗಳು ಕಟ್ಟುವವರಿಗೆ ಚಿರಪರಿಚಿತ. ಅವುಗಳ 10ಕೆ:10ಕೆ (ಎರಡೂ ಕಡೆ 10 ಕಿಲೋಓಮ್) ಟ್ರಾನ್ಸ್‌ಫಾರ್ಮರನ್ನು ಲೈನ್ ಇನ್‌ಪುಟ್‌ನಲ್ಲಿ ಬಳಸಿದೆ. ಹಿಂದಿನ ಯಂತ್ರಕ್ಕೆ ಹೊರೆಯಾಗದ ಹೆಚ್ಚಿನ ಇಂಪೀಡೆನ್ಸ್, ಎರಡು ಯಂತ್ರಗಳ ನಡುವೆ ಗ್ರೌಂಡ್ ಲೂಪ್ (ಗ್ರೌಂಡ್ ತಂತಿಗಳಲ್ಲಿ ಸುತ್ತಿ ಹಮ್ ತರುವ ಹಾದಿ) ಕಡಿದುಹಾಕುವ ಗುಣ, ಎರಡೂ ಸಿಕ್ಕವು. ಆರ್ಡರ್ ಬಂದ ಮೇಲೆ ಸುತ್ತಿ ಕಳುಹಿಸುವ ಪದ್ಧತಿಯಾದ್ದರಿಂದ ಕಾಯುವ ತಾಳ್ಮೆ ಬೇಕು. ತಾರಸ್ವರಗಳಲ್ಲಿ ಇದು ಲೋಡನ್ನು ಅವಲಂಬಿಸಿದೆ: ಸೆಕೆಂಡರಿಯನ್ನು ಏನೂ ಲೋಡ್ ಇಲ್ಲದೆ ನೇರವಾಗಿ ಆಪ್‌ಆಂಪಿಗೆ ಕೊಟ್ಟಾಗ ಮೇಲಿನ ತುದಿಯಲ್ಲಿ ಒಂದು ಉಬ್ಬು ಕಾಣಿಸಿತು, ಸಿಂಬಲ್‌ಗಳು ತುಸು ಚುಚ್ಚುವಂತೆ ಕೇಳಿಸಿದವು. ಸರಿಯಾದ ಲೋಡ್ ರೆಸಿಸ್ಟರ್ ಹಾಕಿದ ಮೇಲೆ ಆ ಉಬ್ಬು ಅಡಗಿತು.

ಅದಕ್ಕಿಂತಲೂ ಅಗ್ಗವಾದದ್ದು ಟೆಲಿಫೋನ್ ಲೈನಿಗಾಗಿ ಮಾಡಿದ 600:600 ಓಮ್‌ನ ಕಪ್ಲಿಂಗ್ ಟ್ರಾನ್ಸ್‌ಫಾರ್ಮರ್. ಬೋರ್ನ್ಸ್, ಟ್ರೈಯಡ್, ಟಮುರಾ ಮುಂತಾದ ಕಂಪನಿಗಳು ಇವನ್ನು ರಾಶಿಗಟ್ಟಲೆ ತಯಾರಿಸುತ್ತವೆ. ಡೇಟಾಶೀಟು ತೆರೆದರೆ ದೂರವಾಣಿಯ ಧ್ವನಿಯ ವ್ಯಾಪ್ತಿಯಾದ 300ರಿಂದ 3400 ಹರ್ಟ್ಜ್ ಎಂಬ ಅಂಕಿಗಳೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ, ಅದನ್ನು ಓದಿ ಸಂಗೀತಕ್ಕೆ ಇದು ನಿಷ್ಪ್ರಯೋಜಕವೆಂದು ಪುಟ ಮುಚ್ಚುವುದು ಸಹಜ. ಆದರೆ ಆ ಅಂಕಿ ಹೇಳುವುದು ಟ್ರಾನ್ಸ್‌ಫಾರ್ಮರಿನ ಹಿಂದೆಯೂ ಮುಂದೆಯೂ 600 ಓಮ್ ಇದ್ದಾಗಿನ ಮಾತನ್ನು. 600 ಎಂಬುದು ಟ್ರಾನ್ಸ್‌ಫಾರ್ಮರಿನ ಸ್ವಂತ ಗುಣವಲ್ಲ, ಅದನ್ನು ಎಂಥ ಜೊತೆಗಾರರ ನಡುವೆ ಕೂರಿಸಬೇಕೆಂದು ತಯಾರಕರು ಎಣಿಸಿದ್ದರು ಎಂಬುದರ ಸೂಚನೆ. ಜೊತೆಗಾರರನ್ನು ನಾವು ಬದಲಾಯಿಸಬಹುದು.

ಒಂದು ಲೆಕ್ಕ ಹಾಕಿ ನೋಡೋಣ. ಪ್ರೈಮರಿಯ ಇಂಡಕ್ಟೆನ್ಸ್ 2 ಹೆನ್ರಿ, ಸುರುಳಿಯ ಪ್ರತಿರೋಧ 60 ಓಮ್ ಎಂದಿಟ್ಟುಕೊಳ್ಳೋಣ. ಹಿಂದೆ 600, ಮುಂದೆ 600 ಓಮ್ ಇದ್ದರೆ ಎರಡೂ ಸಮಾಂತರವಾಗಿ 300 ಓಮ್ ಆಗಿ, ಮಂದ್ರ ಇಳಿಯತೊಡಗುವ 3 ಡೆಸಿಬೆಲ್ ಬಿಂದು 24 ಹರ್ಟ್ಜ್‌ನ ಹತ್ತಿರ ಬರುತ್ತದೆ. ಅದೇ ತುಂಡನ್ನು 50 ಓಮ್ ಮೂಲವಿರುವ ಆಪ್‌ಆಂಪಿನಿಂದ ಓಡಿಸಿ, ಮುಂದೆ 10 ಕಿಲೋಓಮ್ ಇನ್‌ಪುಟ್ ಇಟ್ಟರೆ ಲೆಕ್ಕಕ್ಕೆ ಬರುವ ಪ್ರತಿರೋಧ ಸುಮಾರು 110 ಓಮ್. ಆ ಬಿಂದು 9 ಹರ್ಟ್ಜ್‌ಗೆ ಇಳಿಯುತ್ತದೆ. ಇಷ್ಟೇ ಅಲ್ಲ, ಕೋರ್ ಬೇಡುವ ಕಾಂತೀಯ ಕರೆಂಟ್ ನೇರವಾದ ಸೈನ್ ಅಲೆಯಲ್ಲ, ಅದು ಸೊಟ್ಟಗಿರುತ್ತದೆ. ಈ ಸೊಟ್ಟ ಕರೆಂಟ್ ಮೂಲದ ಪ್ರತಿರೋಧದ ಮೂಲಕ ಹರಿದಾಗಲೇ ಅದು ವಿರೂಪವಾಗಿ ಸಂಕೇತಕ್ಕೆ ಅಂಟಿಕೊಳ್ಳುವುದು. ಮೂಲದ ಪ್ರತಿರೋಧ ಇಳಿಸಿದರೆ ಆವರ್ತನದ ವ್ಯಾಪ್ತಿ ಹಿಗ್ಗುವುದೂ ವಿರೂಪ ತಗ್ಗುವುದೂ ಒಟ್ಟಿಗೇ ಆಗುತ್ತವೆ. ಅತ್ತ ಲೋಡ್ ಹಗುರವಾದಾಗ ತಾಮ್ರದಲ್ಲಿ ಕಳೆದುಹೋಗುವ ಮಟ್ಟವೂ ಇಲ್ಲವೆನ್ನುವಷ್ಟು ಸಣ್ಣದಾಗುತ್ತದೆ.

ಆದರೆ ಮೂಲವನ್ನು ಎಷ್ಟು ಇಳಿಸಿದರೂ ಬದಲಾಗದ ಮಿತಿಯೊಂದಿದೆ, ಅದು ಕೋರ್ ತುಂಬಿಹೋಗುವ ಬಿಂದು. ಈ ಚಿಕ್ಕ ಟ್ರಾನ್ಸ್‌ಫಾರ್ಮರ್ 300 ಹರ್ಟ್ಜ್‌ನಲ್ಲಿ +10 ಡಿಬಿಯು (0.775 ವೋಲ್ಟಿಗೆ ಹೋಲಿಸಿದ ಡೆಸಿಬೆಲ್ ಅಳತೆ) ತಾಳುವುದಾದರೆ 30 ಹರ್ಟ್ಜ್‌ನಲ್ಲಿ ತಾಳುವುದು −10 ಡಿಬಿಯು ಮಾತ್ರ. ನನ್ನ ಐಸೊಲೇಟರಿನಲ್ಲಿ 30 ಹರ್ಟ್ಜ್ ಸೈನ್ ಅಲೆ ಕೊಟ್ಟು ಮಟ್ಟವನ್ನು ನಿಧಾನವಾಗಿ ಏರಿಸಿದಾಗ ಆಸಿಲೋಸ್ಕೋಪಿನ ಪರದೆಯ ಮೇಲೆ ಇದು ಸ್ಪಷ್ಟವಾಗಿ ಕಂಡಿತು: ಒಂದು ಹಂತದವರೆಗೆ ಅಲೆ ನುಣುಪಾಗಿಯೇ ಇತ್ತು, ಆಮೇಲೆ ಇಳಿಜಾರಿನ ಕಡೆ ಒಂದು ತಗ್ಗು ಬಿತ್ತು, ಇನ್ನಷ್ಟು ಏರಿಸಿದಾಗ ಆ ತಗ್ಗು ಹಳ್ಳವಾಗಿ ಅಲೆಯ ಒಂದು ಮಗ್ಗುಲನ್ನೇ ತಿಂದುಹಾಕಿತು. ಕಿವಿಗೆ ಇದು ಮೊದಲು ದಪ್ಪನೆಯ ಬೆಚ್ಚಗಿನ ಬಾಸ್‌ನಂತೆ ಕೇಳಿಸುತ್ತದೆ, ಮೂರನೆಯ ಹಾರ್ಮೋನಿಕ್ (ಮೂಲ ಸ್ವರದ ಮೂರು ಪಟ್ಟು ಆವರ್ತನ) ಸೇರಿಕೊಳ್ಳುವುದರಿಂದ ಹಲವರಿಗೆ ಹಿತವೂ ಆಗುತ್ತದೆ. ಮೇರೆ ಮೀರಿದರೆ ಬಾಸ್ ಗಿಟಾರಿನ ಪ್ರತಿ ಮೀಟೂ ಕರಕರ ಎನ್ನುತ್ತದೆ. ಇದಕ್ಕೆ ಅಗ್ಗದ ಪರಿಹಾರವೂ ಉಂಟು. ಒಂದೇ ಬಗೆಯ ಎರಡು ಟ್ರಾನ್ಸ್‌ಫಾರ್ಮರ್‌ಗಳ ಪ್ರೈಮರಿಗಳನ್ನು ಸರಣಿಯಲ್ಲಿಯೂ ಸೆಕೆಂಡರಿಗಳನ್ನು ಸರಣಿಯಲ್ಲಿಯೂ ಜೋಡಿಸಿದರೆ ಪ್ರತಿಯೊಂದರ ಪಾಲಿಗೆ ಅರ್ಧ ವೋಲ್ಟೇಜ್ ಬಂದು 6 ಡೆಸಿಬೆಲ್ ಹೆಚ್ಚಿನ ಜಾಗ ಸಿಗುತ್ತದೆ. ಸುರುಳಿಯ ದಿಕ್ಕು ತಪ್ಪದಂತೆ ಮಾತ್ರ ನೋಡಿಕೊಳ್ಳಬೇಕು. ತಪ್ಪಿದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಈ ಜೋಡಿಯನ್ನು ನಾನು ಕಂಪ್ಯೂಟರಿನ ಔಟ್‌ಪುಟ್‌ನಿಂದ ಬರುವ ಸಾಧಾರಣ ಮಟ್ಟದ ಸಂಕೇತಕ್ಕೆ ಇಟ್ಟಿದ್ದೇನೆ, ಅಲ್ಲಿ ಇದರ ಬಗ್ಗೆ ದೂರೇ ಇಲ್ಲ. +20 ಡಿಬಿಯು, ಅಂದರೆ 7.75 ವೋಲ್ಟ್‌ವರೆಗೆ ಏರುವ ಸ್ಟುಡಿಯೊ ಮಟ್ಟದ ಔಟ್‌ಪುಟ್‌ಗೆ ಇದನ್ನು ಖಂಡಿತ ಹಾಕಲಾರೆ.

ಕೊಳ್ಳುವಾಗ ಗಮನಿಸಬೇಕಾದ ಇನ್ನೊಂದು ಅಂಶವೆಂದರೆ ಟೆಲಿಫೋನ್ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ‘ವೆಟ್’ ಮತ್ತು ‘ಡ್ರೈ’ ಎಂಬ ಎರಡು ಜಾತಿಗಳಿವೆ. ವೆಟ್ ಎಂಬುದು ಲೈನಿನ ಡಿಸಿ ಕರೆಂಟನ್ನು ಹೊರಬಲ್ಲದ್ದು, ಅದಕ್ಕಾಗಿ ಅದರ ಕೋರ್‌ನಲ್ಲಿ ಸಣ್ಣ ಗಾಳಿಯ ಸೀಳು ಬಿಟ್ಟಿರುತ್ತಾರೆ, ಆ ಸೀಳಿನಿಂದಾಗಿ ಇಂಡಕ್ಟೆನ್ಸ್ ಕಡಿಮೆ. ನಮಗೆ ಬೇಕಾದದ್ದು ಡ್ರೈ.

ಹಳೆಯ ಯಂತ್ರಗಳಿಂದ ಕಿತ್ತ ಟ್ರಾನ್ಸ್‌ಫಾರ್ಮರ್‌ಗಳ ಬಗ್ಗೆ ಒಂದು ಕಹಿ ಅನುಭವವನ್ನು ಹೇಳಲೇಬೇಕು. ನಿಕಲ್ ಕೋರ್‌ನ ಮೈಕ್ ಟ್ರಾನ್ಸ್‌ಫಾರ್ಮರ್‌ಗಳೆಂದು ಹೇಳಿ ಮಾರಾಟಗಾರರೊಬ್ಬರು ಹೆಸರು, ಸಂಖ್ಯೆ ಏನೂ ಇಲ್ಲದ ಎಂಟು ತುಂಡುಗಳನ್ನು ನನಗೆ ಕೊಟ್ಟರು. ಹೊಳೆಯುವ ಡಬ್ಬಿಗಳಿದ್ದವು, ತೂಕವೂ ಇತ್ತು. ಮನೆಗೆ ತಂದು ಇಂಡಕ್ಟೆನ್ಸ್ ಅಳೆದಾಗ ಸಣ್ಣ ಸಂಕೇತದಲ್ಲಿ ಒಂದು ಅಂಕಿ, ದೊಡ್ಡ ಸಂಕೇತದಲ್ಲಿ ಅದರ ಹಲವು ಪಟ್ಟು. ನಿಕಲ್ ಕೋರ್ ಇಷ್ಟೊಂದು ಬದಲಾಗುವುದಿಲ್ಲ. ಅವು ಸಾಧಾರಣ ಉಕ್ಕಿನವು. ಮೈಕಿಗೆ ಕಟ್ಟಿದಾಗ ಮೆಲ್ಲನೆಯ ಮಾತಿನಲ್ಲಿ ಎದೆಯ ದನಿಯೇ ಇರಲಿಲ್ಲ, ಗಟ್ಟಿಯಾಗಿ ಮಾತನಾಡಿದರೆ ಮಾತ್ರ ಅದು ಮರಳುತ್ತಿತ್ತು. ಅವರು ವಾಪಸು ತೆಗೆದುಕೊಳ್ಳಲೂ ಇಲ್ಲ. ಡೇಟಾಶೀಟ್ ಇಲ್ಲದ ತುಂಡು ಎಷ್ಟೇ ಅಗ್ಗವಾಗಿದ್ದರೂ, ಅಳೆಯುವ ಸಾಧನ ಕೈಯಲ್ಲಿ ಇಲ್ಲದವರು ಅದನ್ನು ಕೊಳ್ಳಬಾರದು.

ಅಳೆಯುವಾಗ ಇನ್ನೊಂದು ಎಚ್ಚರಿಕೆ. ಮಲ್ಟಿಮೀಟರಿನ ಓಮ್ ವಿಭಾಗವು ಸುರುಳಿಯೊಳಗೆ ಡಿಸಿ ಕರೆಂಟ್ ಹರಿಸುತ್ತದೆ, ನಿಕಲ್ ಕೋರ್ ಅಷ್ಟಕ್ಕೇ ಕಾಂತೀಯವಾಗಿ ಉಳಿದುಬಿಡಬಹುದು. ಹಾಗಾದಾಗ ಸಣ್ಣ ಸಂಕೇತದಲ್ಲಿ ವಿರೂಪ ಹೆಚ್ಚುತ್ತದೆ. ಇದನ್ನು ಸರಿಪಡಿಸಲು 20ರಿಂದ 50 ಹರ್ಟ್ಜ್‌ನ ಸೈನ್ ಅಲೆಯನ್ನು ಒಂದು ರೆಸಿಸ್ಟರ್ ಮೂಲಕ ಕೊಟ್ಟು, ಅಲೆ ತುಸು ಸೊಟ್ಟಗಾಗುವವರೆಗೆ ಏರಿಸಿ, ಹತ್ತು ಸೆಕೆಂಡುಗಳಷ್ಟು ನಿಧಾನವಾಗಿ ಸೊನ್ನೆಗೆ ಇಳಿಸಿದರೆ ಸಾಕು. ಫ್ಯಾಂಟಮ್ ಪವರ್ (ಕಂಡೆನ್ಸರ್ ಮೈಕಿಗೆ ಅದರ ಕೇಬಲ್ಲಿನಲ್ಲೇ ಕಳುಹಿಸುವ ವಿದ್ಯುತ್ತು) ಕೊಡುವ ಎರಡು 6.8 ಕಿಲೋಓಮ್ ರೆಸಿಸ್ಟರ್‌ಗಳ ನಡುವೆ ವ್ಯತ್ಯಾಸವಿದ್ದರೂ ಇದೇ ತೊಂದರೆ: ಶೇಕಡಾ 1ರ ರೆಸಿಸ್ಟರ್‌ಗಳನ್ನು ಆರಿಸದೆ ಹಾಕಿದರೆ ಪ್ರೈಮರಿಯಲ್ಲಿ ಹತ್ತಿಪ್ಪತ್ತು ಮೈಕ್ರೊಆಂಪಿಯರ್ ಡಿಸಿ ಸದಾ ಹರಿಯುತ್ತಿರಬಹುದು. ಹತ್ತು ರೆಸಿಸ್ಟರ್ ಕೊಂಡು, ಮೀಟರಿನಲ್ಲಿ ಅಳೆದು, ಹತ್ತಿರದ ಎರಡನ್ನು ಆರಿಸಿಕೊಂಡರೆ ಈ ಸಮಸ್ಯೆ ಕಾಸು ಖರ್ಚಿಲ್ಲದೆ ತೀರುತ್ತದೆ.

ಡಿಐ ಬಾಕ್ಸಿನಲ್ಲಿ ಉಳಿತಾಯ ಮಾಡಹೋಗಿ ಅರ್ಧ ಗೆದ್ದೆ, ಅರ್ಧ ಸೋತೆ. ಹೆಸರಾದ ಡಿಐ ಟ್ರಾನ್ಸ್‌ಫಾರ್ಮರ್‌ಗಳ ಅನುಪಾತ 12:1ರ ಹತ್ತಿರ ಇರುತ್ತದೆ. ಪ್ರಿಆಂಪಿನ 1500 ಓಮ್ ಅದರ ಆಚೆಯಿಂದ 144 ಪಟ್ಟಾಗಿ 216 ಕಿಲೋಓಮ್‌ನಂತೆ ಕಾಣುತ್ತದೆ. ನಾನು ಅದರ ಬದಲು 10ಕೆ:600ರ ಅಗ್ಗದ ಲೈನ್ ಟ್ರಾನ್ಸ್‌ಫಾರ್ಮರ್ ಹಾಕಿದೆ. ಅದರ ಅನುಪಾತ ಸುಮಾರು 4:1, ವಾದ್ಯಕ್ಕೆ ಕಾಣುವ ಲೋಡ್ ಬರಿಯ 25 ಕಿಲೋಓಮ್. ಕೀಬೋರ್ಡಿಗೆ ಇದು ಧಾರಾಳವಾಗಿ ಸಾಕು, ಅದರ ಔಟ್‌ಪುಟ್ ಇಂಪೀಡೆನ್ಸ್ ಕಡಿಮೆ. ಬ್ಯಾಟರಿ ಇಲ್ಲದ ಗಿಟಾರ್ ಪಿಕಪ್ಪಿನ ಸುರುಳಿಯಲ್ಲಿ ಮಾತ್ರ ಹಲವು ಹೆನ್ರಿ ಇಂಡಕ್ಟೆನ್ಸ್ ಇರುವುದರಿಂದ ತಾರಸ್ವರಗಳು ಕಂಬಳಿ ಹೊದಿಸಿದಂತೆ ಮುಚ್ಚಿಹೋದವು. ಗಿಟಾರಿಗೆ ಬೇಕಾದರೆ 12:1ರದ್ದನ್ನೇ ಕೊಳ್ಳಬೇಕು, ಇಲ್ಲವೇ ಟ್ರಾನ್ಸ್‌ಫಾರ್ಮರಿಗೆ ಮುಂಚೆ ಒಂದು ಜೆಎಫ್‌ಇಟಿ ಬಫರ್ ಇಡಬೇಕು.

ಅಗ್ಗದ್ದನ್ನು ನಾನು ಯಾರಿಗೂ ಸೂಚಿಸದ ಎರಡು ಜಾಗಗಳಿವೆ. ಮೊದಲನೆಯದು ರಿಬ್ಬನ್ ಮೈಕ್, ಅಂದರೆ ತೆಳು ಲೋಹದ ಪಟ್ಟಿಯ ಕಂಪನದಿಂದ ಸಂಕೇತ ಹುಟ್ಟಿಸುವ ಮೈಕ್. ರಿಬ್ಬನ್ನಿನ ಪ್ರತಿರೋಧ ಒಂದು ಓಮಿಗಿಂತಲೂ ಬಹಳ ಕಡಿಮೆ. ಲುಂಡಾಲ್ ಎಲ್‌ಎಲ್2912ರಂಥ 1:37 ಅನುಪಾತದ ಟ್ರಾನ್ಸ್‌ಫಾರ್ಮರ್ 0.2 ಓಮನ್ನು ಸುಮಾರು 270 ಓಮ್ ಮಾಡಿಕೊಡುತ್ತದೆ. ಅಲ್ಲಿ ಪ್ರೈಮರಿಯ ತಂತಿಯಲ್ಲಿ 0.1 ಓಮ್ ಹೆಚ್ಚಾದರೂ ಸಂಕೇತದ ಒಂದು ಪಾಲು ಅಲ್ಲೇ ಸೋರಿಹೋಗಿ ಸದ್ದು ಹೆಚ್ಚುತ್ತದೆ. ಎರಡನೆಯದು 1970ರ ನೀವ್ 1073 ಪ್ರಿಆಂಪಿನ ಮಾದರಿಯ ಸಿಂಗಲ್ ಎಂಡೆಡ್ ಕ್ಲಾಸ್ ಎ (ಒಂದೇ ಕಡೆಯ ಟ್ರಾನ್ಸಿಸ್ಟರ್ ಸದಾ ಕರೆಂಟ್ ಹರಿಸುವ) ಔಟ್‌ಪುಟ್. ಅಲ್ಲಿ ಟ್ರಾನ್ಸಿಸ್ಟರಿನ ಹತ್ತಾರು ಮಿಲಿಆಂಪಿಯರ್ ಡಿಸಿ ಪ್ರೈಮರಿಯ ಮೂಲಕವೇ ಹರಿಯುವುದರಿಂದ ಗಾಳಿಯ ಸೀಳಿರುವ ದೊಡ್ಡ ಕೋರ್ ಬೇಕೇ ಬೇಕು. ಕಾರ್ನ್‌ಹಿಲ್ ಆ ಬಗೆಯದನ್ನು ಇಂದಿಗೂ ಮಾಡುತ್ತದೆ. ಸೀಳಿಲ್ಲದ ಅಗ್ಗದ ಲೈನ್ ಟ್ರಾನ್ಸ್‌ಫಾರ್ಮರನ್ನು ಅಲ್ಲಿ ಕೂರಿಸಿದರೆ ಸಂಕೇತ ಬರುವ ಮೊದಲೇ ಕೋರ್ ತುಂಬಿ ಕುಳಿತಿರುತ್ತದೆ. ಆ ಹಣವನ್ನು ಉಳಿಸುವ ಆಸೆಯಿದ್ದರೆ ಪುಶ್-ಪುಲ್ (ಎರಡು ಟ್ರಾನ್ಸಿಸ್ಟರ್‌ಗಳು ಎದುರುಬದುರಾಗಿ ದುಡಿಯುವ) ಔಟ್‌ಪುಟ್ಟಿನ ವಿನ್ಯಾಸವನ್ನೇ ಆರಿಸಿಕೊಳ್ಳುವುದು ಮೇಲು.

ಕೊನೆಗೆ ಉಳಿಯುವುದು ಸೆಕೆಂಡರಿಯ ಮೇಲಿನ ಜೋಬೆಲ್, ಅಂದರೆ ತಾರಸ್ವರಗಳ ಉಬ್ಬನ್ನು ಅಡಗಿಸಲು ಸರಣಿಯಲ್ಲಿರುವ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್. ಕಡಿಮೆ ಬೆಲೆಯ ಟ್ರಾನ್ಸ್‌ಫಾರ್ಮರ್‌ಗಳ ಡೇಟಾಶೀಟಿನಲ್ಲಿ ಇದರ ಮೌಲ್ಯಗಳನ್ನು (ಓಮ್, ಫ್ಯಾರಡ್ ಅಂಕಿಗಳನ್ನು) ಕೊಟ್ಟಿರುವುದು ವಿರಳವಾದ್ದರಿಂದ ನಾವೇ ಹುಡುಕಬೇಕು. 150 ಓಮ್ ಮೂಲದಿಂದ 2000 ಹರ್ಟ್ಜ್‌ನ ಚೌಕ ಅಲೆಯನ್ನು ಕೊಟ್ಟು, ಸೆಕೆಂಡರಿಯ ಮೇಲೆ ಕೆಲವು ನೂರು ಪಿಕೊಫ್ಯಾರಡ್‌ನ ಕೆಪಾಸಿಟರ್ ಜೊತೆಗೆ 25 ಕಿಲೋಓಮ್‌ನ ಒಂದು ಪ್ರಿಸೆಟ್ (ತಿರುಗಿಸಿ ಬದಲಾಯಿಸಬಲ್ಲ ರೆಸಿಸ್ಟರ್) ಇಟ್ಟು, ಸ್ಕೋಪನ್ನು ನೋಡುತ್ತಾ ತಿರುಗಿಸಿದೆ. ಎ262ಎ3ಇಯ ಮೇಲೆ ಮೊದಲು ಅಲೆಯ ಮೂಲೆಯಲ್ಲಿ ಮೂರು ನಾಲ್ಕು ಬಾರಿ ನಡುಗುವ ಕೊಂಬು ಇತ್ತು. ಪ್ರಿಸೆಟ್ ತಿರುಗಿದಂತೆ ಅದು ಎರಡಾಗಿ, ಒಂದಾಗಿ, ಕೊನೆಗೆ ಒಂದು ಸಣ್ಣ ಉಬ್ಬಾಗಿ ನಿಂತಿತು. ಪೂರ್ತಿ ಚಪ್ಪಟೆ ಮಾಡಹೋದರೆ ಮೂಲೆಯೇ ಉರುಟಾಗಿ ತಾರಸ್ವರಗಳು ಮೊಂಡಾಗುತ್ತವೆ, ಹಾಗಾಗಿ ಆ ಸಣ್ಣ ಉಬ್ಬನ್ನು ಹಾಗೆಯೇ ಉಳಿಸಿಕೊಂಡು, ಪ್ರಿಸೆಟ್ಟನ್ನು ಬಿಡಿಸಿ ಅಳೆದು, ಹತ್ತಿರದ ಮೌಲ್ಯದ ರೆಸಿಸ್ಟರನ್ನು ಬೆಸೆದೆ. ಎರಡನೆಯ ಚಾನೆಲ್ಲಿನ ತುಂಡು ಅದೇ ಮಾದರಿಯದಾದರೂ ಅದಕ್ಕೆ ಬೇಕಾದ ಮೌಲ್ಯ ತುಸು ಬೇರೆ ಬಂತು. ಎರಡೂ ಚಾನೆಲ್‌ಗಳನ್ನು ಸ್ಟೀರಿಯೊ ಜೋಡಿಯಾಗಿ ಬಳಸುವವರು ಒಂದನ್ನು ನೋಡಿ ಇನ್ನೊಂದಕ್ಕೆ ನಕಲು ಮಾಡದೆ, ಪ್ರತಿಯೊಂದನ್ನೂ ಹೀಗೆ ಸ್ಕೋಪಿನ ಮುಂದೆ ಕೂರಿಸಿಯೇ ಹೊಂದಿಸಬೇಕು.